ಮಂಜು ಕವಿದ ಹಾದಿ, ಚಾಲಕನ ಹೊಣೆ

ಮಾರ್ಗಶಿರ ಪುಷ್ಯಮಾಸಗಳ ಮುಂಜಾವಿನಲ್ಲಿ ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಾಗಲಿ, ಮಡಿಕೇರಿಯ ತಿರುವುಗಳಲ್ಲಾಗಲಿ ಪ್ರಯಾಣ ಮಾಡಿದವರು, ಹತ್ತು ಮಾರು ಮುಂದಿರುವ ಲಾರಿಯೂ ಗೋಚರಿಸದಂತೆ ಮಂಜು ಕವಿಯುವುದನ್ನು ಬಲ್ಲರು. ಅಂಥ ವೇಳೆಯಲ್ಲಿ ಅಪಘಾತ ಸಂಭವಿಸಿದರೆ, ‘ಮಂಜಿತ್ತು, ಏನೂ ಕಾಣಲಿಲ್ಲ, ಇನ್ನು ಯಾರನ್ನು ದೂರುವುದು’ ಎಂದು ಮೃತರ ಬಂಧುಗಳೇ ಕೈಚೆಲ್ಲಿ ಕುಳಿತುಬಿಡುವುದುಂಟು. ಈ ನಿರಾಶೆಗೆ ಕಾನೂನಿನಲ್ಲಿ ಆಧಾರವಿಲ್ಲ. ಸಿಡಿಲಿನಂತೆ ಮಂಜು ಹಠಾತ್ತಾಗಿ ಎರಗುವುದಲ್ಲ. ಅದು ಕಣ್ಣೆದುರಿಗೇ ಕವಿದಿರುವುದರಿಂದ, ಅದನ್ನು ಕಂಡೂ ವೇಗವನ್ನು ತಗ್ಗಿಸದವನು ದೈವಕೃತ್ಯದ ಮರೆಯಲ್ಲಿ ನಿಲ್ಲುವುದು ಬಲು ಕಷ್ಟ. ದೃಷ್ಟಿ ಎಷ್ಟು ದೂರ ಹರಿಯುವುದೋ ಅಷ್ಟರೊಳಗೆ ವಾಹನವನ್ನು ನಿಲ್ಲಿಸಲು ಸಾಧ್ಯವಾಗುವ ವೇಗವೇ ಆಗಿನ ಯುಕ್ತವೇಗ.

ಸೂರ್ಯಾಸ್ತದ ಅನಂತರ ಮಾತ್ರವಲ್ಲದೆ, ಸಾಕಷ್ಟು ಬೆಳಕಿಲ್ಲದ ಯಾವ ವೇಳೆಯಲ್ಲಾದರೂ ದೀಪಗಳನ್ನು ಉರಿಸಿಕೊಂಡೇ ವಾಹನ ನಡೆಸತಕ್ಕದ್ದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಮುಂದಿನ ವಾಹನದಿಂದ ಸುರಕ್ಷಿತ ಅಂತರವನ್ನು ಕಾಯ್ದುಕೊಳ್ಳುವ ಹೊಣೆಯನ್ನು 2017ರ ಚಾಲನಾ ವಿನಿಯಮಗಳು ಹಿಂದಿನ ಚಾಲಕನ ಮೇಲೆ ಹೊರಿಸುತ್ತವೆ. 2018ರ ಒಂದು ತೀರ್ಪಿನಲ್ಲಿ, ಮುಂದಿದ್ದ ಲಾರಿ ಥಟ್ಟನೆ ಬ್ರೇಕು ಹಾಕಿತೆಂಬ ವಾದವನ್ನು ಕೇಳಿದ ಸರ್ವೋಚ್ಚ ನ್ಯಾಯಾಲಯವು, ಹತ್ತು ಹದಿನೈದು ಅಡಿಗಳ ಅಂತರದಲ್ಲಿ ಬೆನ್ನುಹತ್ತಿದ್ದ ಕಾರಿನ ಚಾಲಕನಲ್ಲೇ ನಿರ್ಲಕ್ಷ್ಯವನ್ನು ಕಂಡಿತು.

ಇಷ್ಟರಿಂದಲೇ ಹಿಂದಿನಿಂದ ಗುದ್ದಿದವನದೇ ಯಾವಾಗಲೂ ತಪ್ಪೆಂದು ಭಾವಿಸಬಾರದು. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಬಳಿ, ನಿಂತಿದ್ದ ಟ್ಯಾಂಕರ್‌ಗೆ ಮಂಜಿನ ನಡುವೆ ಸುಮೋ ವಾಹನ ಅಪ್ಪಳಿಸಿ ಹನ್ನೆರಡಕ್ಕೆ ಕಡಮೆಯಿಲ್ಲದ ಜನ ಪ್ರಾಣ ಕಳೆದುಕೊಂಡುದನ್ನು ನಾಡು ಮರೆತಿರಲಾರದು. ಆ ಪ್ರಕರಣದ ಗುಣದೋಷಗಳ ವಿಚಾರ ಇಲ್ಲಿ ಬೇಡ. ನಿಂತ ವಾಹನಕ್ಕೂ ಕರ್ತವ್ಯವುಂಟೆಂಬುದೇ ಇಲ್ಲಿಯ ಮಾತು. ಅಪಾಯವಾಗುವ ರೀತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿಬಿಡುವುದನ್ನು ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ನಿಷೇಧಿಸುತ್ತದೆ. ಹೆದ್ದಾರಿಯ ನಡುವೆ ಪಾರ್ಕಿಂಗ್ ದೀಪವೂ ಎಚ್ಚರಿಕೆಯ ಗುರುತೂ ಇಲ್ಲದೆ ನಿಂತಿದ್ದ ಟ್ರೇಲರಿಗೆ ಕಾರು ಡಿಕ್ಕಿ ಹೊಡೆದ, ಕರ್ನಾಟಕದಿಂದಲೇ ಮೇಲ್ಮನವಿಯಾಗಿ ಹೋದ ಪ್ರಕರಣದಲ್ಲಿ, ಕಾರಿನ ಚಾಲಕನದೂ ಅರ್ಧ ತಪ್ಪೆಂದು ಕೆಳಗಿನ ನ್ಯಾಯಾಲಯಗಳು ಎಣಿಸಿದ್ದುದನ್ನು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ರದ್ದುಪಡಿಸಿ, ಹೊಣೆಯನ್ನು ಪೂರ್ಣವಾಗಿ ಟ್ರೇಲರಿನ ಕಡೆಗೇ ಹಾಕಿತು. ಚಾಲಕನ ತಪ್ಪನ್ನು ಪ್ರಯಾಣಿಕರ ತಲೆಗೆ ಕಟ್ಟಲಾಗದೆಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿದೆ. ಎರಡೂ ವಾಹನಗಳವರ ತಪ್ಪು ಸೇರಿ ಅಪಘಾತವಾಗಿದ್ದಲ್ಲಿ, ಗಾಯಗೊಂಡ ಪ್ರಯಾಣಿಕನು ಅವರಲ್ಲಿ ಯಾರೊಬ್ಬರಿಂದಲಾದರೂ ಸಂಪೂರ್ಣ ಪರಿಹಾರವನ್ನು ಕೇಳಬಹುದು. ಪಾಲಿನ ಲೆಕ್ಕವನ್ನು ಅವರವರೇ ತೀರಿಸಿಕೊಳ್ಳತಕ್ಕದ್ದು.

ಅಪಘಾತವಾದೊಡನೆ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದೂ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಪೊಲೀಸರಿಗೆ ವರದಿ ಮಾಡುವುದೂ ಚಾಲಕನ ಕರ್ತವ್ಯ. ನೆರವಿಗೆ ಧಾವಿಸಿದ ದಾರಿಹೋಕನಿಗೆ 134ಎ ಕಲಮಿನ ರಕ್ಷಣೆಯಿದೆ. ತನ್ನ ಹೆಸರನ್ನು ಹೇಳಬೇಕೆಂದು ಅವನನ್ನು ಯಾರೂ ಬಲವಂತಪಡಿಸುವಂತಿಲ್ಲ. ಸಾವಾದಲ್ಲಿ ತಪ್ಪಿತಸ್ಥನಿಗೆ ಭಾರತೀಯ ನ್ಯಾಯ ಸಂಹಿತೆಯ 106(1)ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು.

ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಗಷ್ಟೇ ಅಲ್ಲದೆ, ಅರ್ಜಿದಾರನು ವಾಸಿಸುವ ಸ್ಥಳದ ನ್ಯಾಯಮಂಡಳಿಗೂ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯಿದೆಯಲ್ಲಿ ಆರು ತಿಂಗಳ ಗಡುವು ಸೇರಿರುವುದರಿಂದ, ದುಃಖದ ನಡುವೆಯೂ ಈ ಕೆಲಸವನ್ನು ಮುಂದೂಡದಿರುವುದು ಒಳಿತು. ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲದ 164ನೆಯ ಕಲಮಿನಂತೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುತ್ತದೆ. ಆದರೆ ವಿಮಾ ಕಂಪನಿಯೊಡನೆ ರಾಜಿಯಾಗಿ ಈ ಮೊತ್ತವನ್ನು ಸ್ವೀಕರಿಸಿದರೆ, ದುಡಿಮೆಯನ್ನೂ ಅವಲಂಬಿತರನ್ನೂ ಎಣಿಸಿ ಹೆಚ್ಚಿನ ಮೊತ್ತ ಕೇಳುವ 166ನೆಯ ಕಲಮಿನ ಅರ್ಜಿ ಬಿದ್ದುಹೋಗುತ್ತದೆ. ವಕೀಲರನ್ನು ಕೇಳದೆ ರುಜು ಹಾಕಬೇಡಿರೆಂದು ಓದುಗರಲ್ಲಿ ನನ್ನ ಕಳಕಳಿಯ ಪ್ರಾರ್ಥನೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಗಳ ಪರಿಹಾರವುಂಟು.

ಮಂಜಿನ ಪ್ರಕರಣಗಳಲ್ಲಿ ಸಾಕ್ಷ್ಯವು ಮಂಜಿನೊಡನೆಯೇ ಕರಗಿಹೋಗುತ್ತದೆ. ಹತ್ತು ಗಂಟೆಯ ಬಿಸಿಲಿನಲ್ಲಿ ಮಹಜರು ಬರೆಯುವವರಿಗೆ ಆರು ಗಂಟೆಯ ಹಾದಿ ಹೇಗಿತ್ತೆಂಬುದು ತಿಳಿಯದು. ಆದುದರಿಂದ ಕಣ್ಣಳತೆ ಎಷ್ಟಿತ್ತು, ನಿಂತ ಲಾರಿಯ ಇಂಡಿಕೇಟರ್ ಉರಿಯುತ್ತಿತ್ತೆ, ಪ್ರತಿಫಲಕ ಪಟ್ಟಿ ಅಂಟಿಸಿತ್ತೆ, ಎಚ್ಚರಿಕೆಯ ತ್ರಿಕೋನವಿತ್ತೆ, ಚಕ್ರ ರಸ್ತೆಯ ಮೇಲಿತ್ತೋ ಅಂಚಿನಲ್ಲಿತ್ತೋ ಎಂಬುದೆಲ್ಲವನ್ನೂ ಮೊದಲ ದೂರಿನಲ್ಲಿಯೇ ಬರೆಯಿಸಬೇಕು. ವಾಹನಗಳನ್ನು ಕದಲಿಸುವ ಮುನ್ನ ಛಾಯಾಚಿತ್ರ ತೆಗೆಯಬೇಕು. ಸಮೀಪದ ಟೋಲ್ ಗೇಟು, ಪೆಟ್ರೋಲ್ ಬಂಕುಗಳ ಕ್ಯಾಮೆರಾ ದೃಶ್ಯಗಳನ್ನು ಕಾಯ್ದಿರಿಸುವಂತೆ ಪೊಲೀಸರಿಗೆ ಲಿಖಿತವಾಗಿ ಕೇಳಬೇಕು.

ಗುದ್ದಿದ ವಾಹನದ ಚಾಲಕನು ಸ್ಥಳದಲ್ಲೇ ಅಸುನೀಗಿದಾಗ, ಪ್ರತಿವಾದಿಸಲಾರದ ಆ ಮೃತನ ಮೇಲೆಯೇ ಅತಿವೇಗ ಮತ್ತು ಅಜಾಗರೂಕತೆಯ ಆರೋಪ ದಾಖಲಾಗುವುದೂ, ಅದನ್ನು ಕಂಡ ಮನೆಯವರು ಎಲ್ಲವೂ ಮುಗಿಯಿತೆಂದು ತಿಳಿಯುವುದೂ ನನಗೆ ಅತ್ಯಂತ ಖೇದದ ವಿಷಯ. ಪೊಲೀಸರ ದೋಷಾರೋಪಣೆಯು ನ್ಯಾಯಮಂಡಳಿಗೆ ಕೊನೆಯ ಮಾತಲ್ಲ. ಸಂಶಯಾತೀತ ರುಜುವಾತನ್ನು ಅಲ್ಲಿ ಕೇಳುವುದಿಲ್ಲ. ಸಂಭವನೀಯತೆಯ ತಕ್ಕಡಿ ಯಾವ ಕಡೆಗೆ ವಾಲುವುದೆಂಬುದನ್ನಷ್ಟೇ ನೋಡುತ್ತಾರೆ. ದೀಪವಿಲ್ಲದೆ ನಿಂತಿದ್ದ ಲಾರಿಯ ಸಾಕ್ಷ್ಯವನ್ನು ಮೃತನ ಪತ್ನಿಯೋ ಮಕ್ಕಳೋ ಅಲ್ಲಿ ಮಂಡಿಸಬಹುದು, ಲಾರಿಯ ಮಾಲೀಕನನ್ನೂ ವಿಮಾ ಕಂಪನಿಯನ್ನೂ ಪ್ರತಿವಾದಿಗಳನ್ನಾಗಿಸಬಹುದು. ತೀರ್ಪು ತೃಪ್ತಿಕರವಾಗದಿದ್ದಲ್ಲಿ ತೊಂಬತ್ತು ದಿನಗಳೊಳಗೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬಹುದು.