ಮೂರು ದಿನದ ನಡಿಗೆ

ನಾವು ಹೆಂಗಸರು ದಿನಾ ನಡೆಯುತ್ತೇವೆ. ನೀರಿಗೆ ನಡೆಯುತ್ತೇವೆ. ಹೊಲಕ್ಕೆ ನಡೆಯುತ್ತೇವೆ. ಸಂತೆಗೆ ನಡೆಯುತ್ತೇವೆ. ಹರಕೆ ಹೊತ್ತರೆ ದೇವರಿಗೂ ನಡೆದು ಹೋಗುತ್ತೇವೆ. ಯುಗಾದಿ ಹತ್ತಿರ ಬಂದರೆ ನಮ್ಮ ಉತ್ತರ ಕರ್ನಾಟಕದ ಜನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಅಂಗಾಲಿನಲ್ಲಿ ಬೊಬ್ಬೆ ಎದ್ದರೂ ನಿಲ್ಲುವುದಿಲ್ಲ.

ಅಮೆರಿಕ ದೇಶದಲ್ಲೂ ಹೆಂಗಸರು ಹೀಗೆ ಬಹಳ ದೂರ ನಡೆಯುತ್ತಾರೆ. ಅವರು ನಡೆಯುವುದು ಹರಕೆಗಲ್ಲ. ಒಂದು ಕಾಯಿಲೆಯನ್ನು ಎದುರಿಸಲು. ಆ ಕಾಯಿಲೆಯ ಹೆಸರು ಸ್ತನ ಕ್ಯಾನ್ಸರ್.

ಸ್ತನ ಅಂದರೆ ಮೊಲೆ. ಮಕ್ಕಳಿಗೆ ಹಾಲು ಕೊಡುವ ಅಂಗ. ಕಣ್ಣು, ಕೈ, ಕಾಲಿನ ಹಾಗೆ ಇದೂ ನಮ್ಮ ಮೈಯ ಒಂದು ಭಾಗ. ಹೆಸರು ಹೇಳಲು ನಾಚಿಕೆ ಯಾಕೆ?

ಅಕ್ಕನಿಗೆ ಕೊಟ್ಟ ಮಾತು

ಅಮೆರಿಕದಲ್ಲಿ ಇಬ್ಬರು ಅಕ್ಕ ತಂಗಿಯರಿದ್ದರು. ಅಕ್ಕ ಸೂಸನ್ ಕೋಮೆನ್. ತಂಗಿ ನ್ಯಾನ್ಸಿ ಬ್ರಿಂಕರ್. ಸೂಸನ್‌ಗೆ ಸ್ತನ ಕ್ಯಾನ್ಸರ್ ಬಂತು. 1980ರಲ್ಲಿ ಅವರು ತೀರಿಕೊಂಡರು. ಆಗ ಅವರ ವಯಸ್ಸು ಬರೀ 36.

ಆ ಕಾಲದಲ್ಲಿ ಅಲ್ಲೂ ಜನ ಈ ಕಾಯಿಲೆಯ ಹೆಸರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕಾಯಿಲೆ ಬಂದವರು ಒಳಗೊಳಗೇ ನೋಯುತ್ತಿದ್ದರು. “ಇದಕ್ಕೆ ಏನಾದರೂ ಮಾಡುತ್ತೇನೆ” ಅಂತ ನ್ಯಾನ್ಸಿ ಅಕ್ಕನಿಗೆ ಮಾತು ಕೊಟ್ಟಿದ್ದರು. 1982ರಲ್ಲಿ ಅಕ್ಕನ ಹೆಸರಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ಕೈಯಲ್ಲಿ ಇದ್ದದ್ದು 200 ಡಾಲರ್. ಜೊತೆಗೆ ಬೂಟಿನ ಡಬ್ಬದಲ್ಲಿ ಬರೆದಿಟ್ಟ ಗೆಳತಿಯರ ಹೆಸರುಗಳು. ಅಷ್ಟೇ ಬಂಡವಾಳ. 1983ರಲ್ಲಿ ಡಲ್ಲಾಸ್ ಎಂಬ ಊರಿನಲ್ಲಿ ಒಂದು ಓಟ ನಡೆಸಿದರು. 800 ಜನ ಬಂದರು.

1984ರಲ್ಲಿ ನ್ಯಾನ್ಸಿಗೂ ಅದೇ ಕಾಯಿಲೆ ಬಂತು. ಅದು ಬೇಗ ಗೊತ್ತಾಯಿತು. ಅವರು ಚಿಕಿತ್ಸೆ ಪಡೆದರು. ಉಳಿದುಕೊಂಡರು.

ಓಟ ಹೋಗಿ ನಡಿಗೆ ಬಂತು

ಓಡಲು ಎಲ್ಲರಿಗೂ ಆಗುವುದಿಲ್ಲ. ನಡೆಯಲು ಬಹಳ ಜನಕ್ಕೆ ಆಗುತ್ತದೆ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ದಿನದ ನಡಿಗೆ ಶುರುವಾಯಿತು. ಸಾಂಟಾ ಬಾರ್ಬರಾ ಊರಿನಿಂದ ಲಾಸ್ ಏಂಜಲಿಸ್ ಕಡೆಗೆ ಜನ ಹೊರಟರು. 2003ರಿಂದ ಸೂಸನ್ ಹೆಸರಿನ ಸಂಸ್ಥೆಗಾಗಿಯೂ ಬೇರೆ ಬೇರೆ ಊರುಗಳಲ್ಲಿ ಇಂಥ ನಡಿಗೆ ನಡೆದಿದೆ.

ಮೂರು ದಿನಕ್ಕೆ 60 ಮೈಲಿ. ಅಂದರೆ ಸುಮಾರು 96 ಕಿಲೋಮೀಟರ್. ಬೆಂಗಳೂರಿನಿಂದ ಮಂಡ್ಯಕ್ಕೆ ಹತ್ತಿರ ಹತ್ತಿರ ಇಷ್ಟೇ ದೂರ. ದಿನಕ್ಕೆ 32 ಕಿಲೋಮೀಟರ್ ನಡೆಯಬೇಕು.

ಇದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ಮೊದಲು ಸ್ವಲ್ಪ ದೂರ ನಡೆಯುತ್ತಾರೆ. ವಾರ ವಾರಕ್ಕೂ ದೂರ ಹೆಚ್ಚಿಸುತ್ತಾರೆ. ಹೊಸ ಬೂಟು ಹಾಕಿಕೊಂಡು ಹೊರಟರೆ ಕಾಲು ಕಚ್ಚುತ್ತದೆ. ಹಾಕಿ ಪಳಗಿದ ಬೂಟೇ ಬೇಕು. ದಾರಿಯಲ್ಲಿ ಆಗಾಗ ನೀರು ಕುಡಿಯುತ್ತಾರೆ. ಕಾಲಿನ ಬೊಬ್ಬೆಗೆ ಪಟ್ಟಿ ಕಟ್ಟಲು ದಾದಿಯರಿರುತ್ತಾರೆ. ಸೋತವರನ್ನು ಕೂರಿಸಿಕೊಳ್ಳಲು ವ್ಯಾನು ಬರುತ್ತದೆ. ರಾತ್ರಿ ಗುಲಾಬಿ ಬಣ್ಣದ ಡೇರೆಗಳಲ್ಲಿ ಮಲಗುತ್ತಾರೆ.

ಕಾಯಿಲೆ ಗೆದ್ದವರೂ ನಡೆಯುತ್ತಾರೆ. ತಾಯಿಯನ್ನು ಕಳೆದುಕೊಂಡ ಮಕ್ಕಳೂ ನಡೆಯುತ್ತಾರೆ. ಗಂಡಸರೂ ಬರುತ್ತಾರೆ.

ಕೊನೆಯ ದಿನ ಎಲ್ಲರೂ ಒಂದು ಕಡೆ ಸೇರುತ್ತಾರೆ. ಕಾಯಿಲೆ ಗೆದ್ದ ಹೆಂಗಸರು ಒಳಗೆ ಬರುವಾಗ ಉಳಿದವರು ಒಂದು ಕಾಲಿನ ಬೂಟು ಬಿಚ್ಚಿ ಮೇಲಕ್ಕೆ ಎತ್ತಿ ಹಿಡಿಯುತ್ತಾರೆ. ನಮ್ಮಲ್ಲಿ ಚಪ್ಪಲಿ ಎತ್ತಿದರೆ ಅವಮಾನ. ಅಲ್ಲಿ ಅದೇ ಗೌರವ. “ನೀವು ನಡೆದ ದಾರಿ ನಮ್ಮ ದಾರಿಗಿಂತ ಕಷ್ಟದ್ದು” ಅಂತ ಹೇಳಿದ ಹಾಗೆ.

ಹಣ ಮತ್ತು ಲೆಕ್ಕ

ನಡೆಯುವವರು ಹಣವನ್ನೂ ಕೂಡಿಸಬೇಕು. ಒಬ್ಬೊಬ್ಬರು 2,300 ಡಾಲರ್ ಕೂಡಿಸಬೇಕು ಅನ್ನುವ ನಿಯಮ ಬಹಳ ವರ್ಷ ಇತ್ತು. ನಮ್ಮ ಲೆಕ್ಕದಲ್ಲಿ ಇದು ಲಕ್ಷ ರೂಪಾಯಿಗೂ ಹೆಚ್ಚು. ನೆಂಟರಿಗೆ, ಗೆಳತಿಯರಿಗೆ ಕಾಗದ ಬರೆಯುತ್ತಾರೆ. ತಿಂಡಿ ಮಾಡಿ ಮಾರುತ್ತಾರೆ. ಆ ಹಣ ಸಂಶೋಧನೆಗೆ, ರೋಗಿಗಳ ನೆರವಿಗೆ ಅಂತ ಕೂಡಿಸುವುದು.

ಆದರೆ ಡೇರೆ, ಊಟ, ವ್ಯಾನುಗಳಿಗೂ ಖರ್ಚಿದೆ. “ನಾವು ಕೂಡಿಸಿದ್ದರಲ್ಲಿ ಕಾಯಿಲೆಯ ಕೆಲಸಕ್ಕೆ ಹೋದದ್ದು ಎಷ್ಟು?” ಅಂತ ಅಲ್ಲಿಯ ಜನ ಕೇಳಿದ್ದಾರೆ. ಕೇಳಿದ್ದು ಸರಿ. ದಾನ ಕೊಟ್ಟವರು ಲೆಕ್ಕ ಕೇಳಬೇಕು. ನಮ್ಮ ಸಂಘದಲ್ಲೂ ಅಷ್ಟೇ.

ನಮ್ಮ ನಾಡಿನ ಮಾತು

ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರೇ ಹೆಚ್ಚು. 2022ರಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಇದು ಹೊಸದಾಗಿ ಬಂತು ಅಂತ ಅಂದಾಜಿದೆ. ತಡವಾಗಿ ಆಸ್ಪತ್ರೆಗೆ ಹೋಗುವವರು ನಮ್ಮಲ್ಲಿ ಬಹಳ.

ಆ ನಡಿಗೆ ಶುರುವಾದ 1998ರಲ್ಲೇ ಮುಂಬೈಯಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಟಾಟಾ ಸ್ಮಾರಕ ಆಸ್ಪತ್ರೆಯವರು ಆರೋಗ್ಯ ಕಾರ್ಯಕರ್ತೆಯರಿಗೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡುವುದನ್ನು ಕಲಿಸಿದರು. ಅವರು ಕೊಳೆಗೇರಿಗಳ ಸುಮಾರು 75 ಸಾವಿರ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುತ್ತಾ ಬಂದರು. 2021ರಲ್ಲಿ ಫಲ ತಿಳಿಯಿತು. 50 ವರ್ಷ ದಾಟಿದವರಲ್ಲಿ ಈ ಕಾಯಿಲೆಯಿಂದ 100 ಸಾವು ಆಗುವ ಕಡೆ ಸುಮಾರು 70 ಆಗಿತ್ತು. ದೊಡ್ಡ ಯಂತ್ರ ಇರಲಿಲ್ಲ. ಕಲಿತ ಕೈ ಇತ್ತು.

ನೆನಪಿಡೋಣ

ಮೊಲೆಯಲ್ಲಿ ಅಥವಾ ಕಂಕುಳಲ್ಲಿ ಗಂಟು ಕೈಗೆ ಸಿಕ್ಕರೆ ತೋರಿಸಬೇಕು. ನೋವಿಲ್ಲ ಅಂತ ಸುಮ್ಮನಿರಬಾರದು. ಕ್ಯಾನ್ಸರ್ ಗಂಟು ಎಷ್ಟೋ ಸಲ ನೋಯುವುದಿಲ್ಲ.

ಚರ್ಮ ಗುಳಿ ಬಿದ್ದರೆ, ಕಿತ್ತಳೆ ಸಿಪ್ಪೆಯ ಹಾಗೆ ಆದರೆ ತೋರಿಸಬೇಕು. ತೊಟ್ಟು ಹೊಸದಾಗಿ ಒಳಕ್ಕೆ ಸರಿದರೆ, ತೊಟ್ಟಿನಿಂದ ರಕ್ತ ಬಂದರೆ ತೋರಿಸಬೇಕು.

ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಪರೀಕ್ಷೆ ಮಾಡಿದರೇ ಗೊತ್ತಾಗುವುದು. ಇದು ಅಂಟುರೋಗವೂ ಅಲ್ಲ. ಕಾಯಿಲೆ ಬಂದವರ ಜೊತೆ ಕೂತು ಉಣ್ಣಬಹುದು. ಮಗುವನ್ನು ಅವರ ಮಡಿಲಿಗೆ ಕೊಡಬಹುದು.

30 ವರ್ಷ ದಾಟಿದವರು ಆಶಾ ಕಾರ್ಯಕರ್ತೆಯನ್ನು ಕೇಳಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳೋಣ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಆಸ್ಪತ್ರೆ ಇದೆ.

ನಾವು 96 ಕಿಲೋಮೀಟರ್ ನಡೆಯಬೇಕಾಗಿಲ್ಲ. ಆರೋಗ್ಯ ಕೇಂದ್ರದವರೆಗೆ ನಡೆದರೆ ಸಾಕು. ಒಬ್ಬರೇ ಹೋಗಲು ಅಂಜಿಕೆಯೇ? “ಬಾರಕ್ಕ, ನಾನೂ ಬರ್ತೀನಿ” ಅಂತ ಪಕ್ಕದ ಮನೆಯವರನ್ನು ಕರೆಯೋಣ. ಇಬ್ಬರು ಹೊರಟರೆ ಅದೂ ಒಂದು ನಡಿಗೆಯೇ.

ಮಾತಾಡೋಣ, ಬರೆಯೋಣ

1. ನ್ಯಾನ್ಸಿ ಅಕ್ಕನಿಗೆ ಯಾವ ಮಾತು ಕೊಟ್ಟರು?
2. ಬೂಟು ಎತ್ತಿ ಹಿಡಿಯುವುದು ಯಾರ ಗೌರವಕ್ಕೆ?
3. ಗಂಟು ನೋಯದಿದ್ದರೂ ಯಾಕೆ ತೋರಿಸಬೇಕು?
4. ನಮ್ಮ ಊರಿನಿಂದ ಆರೋಗ್ಯ ಕೇಂದ್ರ ಎಷ್ಟು ದೂರ? ಜೊತೆಗೆ ಯಾರನ್ನು ಕರೆಯುತ್ತೀರಿ? ಅವರ ಹೆಸರು ಬರೆಯಿರಿ.