ಆಯಾಸವೂ ಬೇರಿನ ಪುಡಿಯೂ

ಸರ್ಜಾಪುರದ ಸುತ್ತಲಿನ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮಾಡಿ ದಣಿದವರು ಬಲಕ್ಕಾಗಿ ಹಿರೇಮದ್ದಿನ, ಅಂದರೆ ಅಶ್ವಗಂಧದ, ಬೇರಿನ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಯುವದುಂಟು. ಗಿಡಮೂಲಿಕೆಯಾದ ಮಾತ್ರಕ್ಕೆ ಅದು ನಿರಪಾಯವೆಂದು ನಾವು ಎಣಿಸಬಾರದು. ಇದರಿಂದ ಕೆಲವರ ಯಕೃತ್ತು ಕೆಟ್ಟು ಕಾಮಾಲೆಯುಂಟಾದದ್ದನ್ನು ವೈದ್ಯರು ಕಂಡಿದ್ದಾರೆ. ಡೆನ್ಮಾರ್ಕ್ ದೇಶವು 2023ರಲ್ಲಿ ಇದನ್ನು ನಿಷೇಧಿಸಿತು. ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ಥೈರಾಯಿಡ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಆಯಾಸವು ಅನೇಕ ರೋಗಗಳ ಕುರುಹು. ರಕ್ತಹೀನತೆಯೋ, ಸಿಹಿಮೂತ್ರವೋ, ನಿದ್ರಾಭಂಗವೋ ಎಂಬದನ್ನು ಮೊದಲು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ತಿಳಿಯತಕ್ಕದ್ದು. ಗರ್ಭಿಣಿಯಲ್ಲದ ಸ್ತ್ರೀಯ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಾದರೆ ಅದು ರಕ್ತಹೀನತೆಯೇ. ಕಬ್ಬಿಣಾಂಶದ ಕೊರತೆಯಿದ್ದಲ್ಲಿ ವೈದ್ಯರು ಕೊಡುವ ಮಾತ್ರೆಯನ್ನು ನಿಂಬೆರಸದೊಡನೆ ಸೇವಿಸುವದು ಒಳ್ಳೇದು. ಚಹಾ ಅದರ ಗುಣವನ್ನು ತಗ್ಗಿಸುವದು. ಪುಡಿ ಸೇವಿಸುತ್ತಿದ್ದರೆ ವೈದ್ಯರಿಗೆ ಮರೆಮಾಡದೆ ಹೇಳೋಣ. ಕಣ್ಣು ಹಳದಿಯಾದರೆ ಆ ದಿನವೇ ನಿಲ್ಲಿಸಿ ಆಸ್ಪತ್ರೆಗೆ ಹೋಗೋಣ.