ಕಲ್ಲಿನೊಡನೆ ಬಂದ ನೆಂಟರು

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆಯುಂಟು. ಅಲ್ಲಿಯ ಕಡಲತೀರದ ಪಟ್ಟಣವಾದ ನ್ಯೂಕ್ವೇಯಲ್ಲಿರುವ ಬ್ಲೂ ರೀಫ್ ಮತ್ಸ್ಯಾಗಾರದಲ್ಲಿ 2009ರಲ್ಲಿ ಒಂದು ವಿಚಿತ್ರವಾದ ಕಳವಳ ತಲೆದೋರಿತು. ಹವಳಗಳನ್ನು ಬೆಳೆಸಿದ್ದ ಗಾಜಿನ ತೊಟ್ಟಿಯಲ್ಲಿ ಅವು ಒಂದೊಂದಾಗಿ ತುಂಡಾಗುತ್ತಿದ್ದವು. ಮೀನಿನ ಮೈಮೇಲೂ ಗಾಯಗಳು ಕಾಣಿಸಿದವು. ಹಗಲಿನಲ್ಲಿ ಎಷ್ಟು ನೋಡಿದರೂ ಅಪರಾಧಿಯ ಸುಳಿವಿಲ್ಲ. ಆಮಿಷವಿಟ್ಟು ಹೂಡಿದ ಬೋನುಗಳು ವ್ಯರ್ಥವಾದವು. ಬೇರೆ ದಾರಿ ಕಾಣದ ಪಾಲಕರು ಕೊನೆಗೆ ತೊಟ್ಟಿಯೊಳಗಿನ ಕಲ್ಲುಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಆಗ ಕಂಡುಬಂದದ್ದು ಸುಮಾರು ನಾಲ್ಕು ಅಡಿ ಉದ್ದದ, ಬಲವಾದ ದವಡೆಗಳುಳ್ಳ ಒಂದು ಹುಳು! ಅದನ್ನು ಕೊಲ್ಲದೆ, ಪ್ರತ್ಯೇಕವಾದ ತೊಟ್ಟಿಯೊಂದರಲ್ಲಿ ಇರಿಸಿದರು.

ಆ ಹುಳುವನ್ನು ಯಾರೂ ಕೊಂಡು ತಂದಿರಲಿಲ್ಲ. ಎಳೆಯ ಮರಿಯಾಗಿದ್ದಾಗ ಕಲ್ಲಿನ ಬಿರುಕೊಂದರಲ್ಲಿ ಅಡಗಿ ಬಂದು, ವರ್ಷಗಟ್ಟಲೆ ಅಲ್ಲಿಯೇ ಬೆಳೆದಿರಬೇಕೆಂದು ಪಾಲಕರು ಊಹಿಸಿದರು.

ಉಪ್ಪುನೀರಿನ ಮತ್ಸ್ಯಾಗಾರಗಳಲ್ಲಿ ಬಳಸುವ ಈ ಬಗೆಯ ಕಲ್ಲಿಗೆ ಜೀವಶಿಲೆ ಅಥವಾ ‘ಲೈವ್ ರಾಕ್’ ಎಂದು ಹೆಸರು. ಕಲ್ಲಿಗೆ ಜೀವವೆಲ್ಲಿಂದ ಬಂತು ಎಂಬ ಸಂದೇಹ ಸಹಜವಾದುದೇ. ಸತ್ತ ಹವಳಗಳ ಸುಣ್ಣದ ಅಸ್ಥಿಪಂಜರವು ಸಮುದ್ರದ ತಳದಲ್ಲಿ ಬಿದ್ದಿರುವಾಗ ಅದರ ಮೇಲೆ ನಸುಗೆಂಪು ಬಣ್ಣದ ಪಾಚಿ ಹೊದಿಕೆಯಂತೆ ಹಬ್ಬುತ್ತದೆ. ರಂಧ್ರಗಳಲ್ಲಿ ಸ್ಪಂಜುಗಳು, ಹುಳುಗಳು, ಏಡಿಗಳು ಮನೆಮಾಡುತ್ತವೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳಂತೂ ಅಸಂಖ್ಯ. ಮೀನಿನ ಮಲಮೂತ್ರಗಳಿಂದ ಹುಟ್ಟುವ ವಿಷಯುಕ್ತ ಅಮೋನಿಯವನ್ನು ಕಲ್ಲಿನ ಹೊರಮೈಯ ಬ್ಯಾಕ್ಟೀರಿಯಗಳು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಆಮ್ಲಜನಕವು ತಲುಪದ ಒಳರಂಧ್ರಗಳ ಬ್ಯಾಕ್ಟೀರಿಯಗಳು ಅದನ್ನು ಸಾರಜನಕ ಅನಿಲವಾಗಿಸಿ ಬಿಡುಗಡೆಮಾಡುತ್ತವೆ. ಹೀಗೆ ಆ ಕಲ್ಲೇ ತೊಟ್ಟಿಯ ಜಲಶುದ್ಧಿಯ ಯಂತ್ರ. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬವರು 1960ರ ದಶಕದ ಆರಂಭದಲ್ಲಿಯೇ ಈ ವಿಧಾನವನ್ನು ಬಳಸಿ, ಅದರ ವಿವರವನ್ನು ಪತ್ರಿಕೆಯಲ್ಲಿ ಬರೆದು ತಿಳಿಸಿದ್ದರು.

ಸಮುದ್ರದಿಂದ ಕಲ್ಲನ್ನು ಎತ್ತುವುದೆಂದರೆ ಹವಳದಿಬ್ಬದ ತಳಹದಿಯನ್ನೇ ಕಿತ್ತಂತೆ. ಆದುದರಿಂದ ಫ್ಲಾರಿಡಾ ತೀರದಲ್ಲಿ ಗಣಿಯಿಂದ ತೆಗೆದ ಸುಣ್ಣಕಲ್ಲನ್ನು ಗೊತ್ತಾದ ಜಾಗದಲ್ಲಿ ಕಡಲಿಗಿಳಿಸಿ, ಜೀವಿಗಳು ನೆಲೆಸಿದ ಮೇಲೆ ಅದನ್ನು ಎತ್ತುವ ಕೃಷಿಯು ಬಳಕೆಗೆ ಬಂದಿದೆ. ಭಾರತದಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆಯಾದರೂ ಅಲ್ಲಿಂದ ಅದರ ಒಂದು ಚೂರನ್ನು ಕಿತ್ತು ತರುವುದೂ ಅಪರಾಧವೇ.

ಹೊಸದಾಗಿ ತಂದ ಜೀವಶಿಲೆಯನ್ನು ತೊಟ್ಟಿಗಿಳಿಸಿದವನಿಗೆ ಮೊದಲ ಕೆಲವು ರಾತ್ರಿಗಳು ನಿದ್ದೆಗೆಡುವ ರಾತ್ರಿಗಳೇ. ದೀಪವಾರಿದ ಮೇಲೆ ಕಲ್ಲಿನ ಒಂದೊಂದು ರಂಧ್ರದಿಂದಲೂ ಏನೋ ಒಂದು ತಲೆಯೆತ್ತುತ್ತದೆ. ಗಾಬರಿಗೊಂಡ ಕೆಲವರು ಕಲ್ಲನ್ನೇ ಕುದಿಸಿಬಿಡುವುದುಂಟು. ಇದು ಮೂರ್ಖತನ ಮಾತ್ರವಲ್ಲ, ಅಪಾಯಕರವೂ ಹೌದು. ಕಲ್ಲಿಗಂಟಿಕೊಂಡಿರುವ ಪಾಲಿಥೋವ ಎಂಬ ಹವಳದ ಬಂಧುವಿನಲ್ಲಿ ಪಾಲಿಟಾಕ್ಸಿನ್ ಎಂಬ ಘೋರವಿಷವಿರಬಹುದು. ಕುದಿಯುವ ನೀರಿನ ಆವಿಯೊಡನೆ ಅದು ಉಸಿರಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ನಡೆದಿವೆ. ಅಲ್ಲದೆ ಯಾವ ಜೀವಕ್ಕಾಗಿ ಹಣ ತೆತ್ತು ಕಲ್ಲನ್ನು ಕೊಂಡನೋ ಆ ಜೀವವನ್ನೇ ಕುದಿಸಿದ ಮೇಲೆ ಉಳಿಯುವುದೇನು? ಆದಕಾರಣ ಬಂದ ನೆಂಟನಾರೆಂದು ಗುರುತಿಸುವುದೇ ಮೊದಲ ಕೆಲಸ. ಜಾಣರು ಬ್ಯಾಟರಿ ದೀಪಕ್ಕೆ ಕೆಂಪು ಕಾಗದವನ್ನು ಕಟ್ಟಿಕೊಂಡು ನೋಡುತ್ತಾರೆ. ಈ ಪ್ರಾಣಿಗಳಲ್ಲಿ ಬಹುಪಾಲಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದು.

ಎಲ್ಲಕ್ಕಿಂತ ಹೆಚ್ಚಾಗಿ ಅಪವಾದಕ್ಕೆ ಗುರಿಯಾಗುವುದು ಬಿರುಗೂದಲಿನ ಹುಳು. ಶತಪದಿಯಂತಹ ಆಕಾರ, ಎರಡು ಪಕ್ಕಗಳಲ್ಲೂ ಬಿಳಿಯ ಕೂದಲಿನ ಕುಚ್ಚುಗಳು. ಮುಟ್ಟಿದರೆ ಆ ಕೂದಲುಗಳು ಚರ್ಮದಲ್ಲಿ ಮುರಿದುಕೊಂಡು ಬೆಂಕಿ ತಾಗಿದಂತೆ ಉರಿಯುತ್ತವೆ. ರಾತ್ರಿಯಲ್ಲಿ ಮೀನೊಂದು ಸತ್ತರೆ ಬೆಳಗ್ಗೆ ಅದರ ಸುತ್ತ ಈ ಹುಳುಗಳು ಮುತ್ತಿರುತ್ತವೆ. ಕೊಂದವೂ ಅವೇ ಎಂದು ತೊಟ್ಟಿಯ ಒಡೆಯ ತೀರ್ಮಾನಿಸುತ್ತಾನೆ. ಹೆಣದ ಬಳಿ ಕಂಡ ಕಾಗೆಯನ್ನೇ ಕೊಲೆಗಾರನೆಂದಂತಾಯಿತು! ಸಾಮಾನ್ಯವಾಗಿ ದೊರೆಯುವ ಬಿರುಗೂದಲಿನ ಹುಳುಗಳು ಸತ್ತುದನ್ನೂ ಮೀನು ತಿಂದು ಬಿಟ್ಟುದನ್ನೂ ಉಂಡು ನೀರು ಕೊಳೆಯದಂತೆ ಕಾಯುವ ಜಾಡಮಾಲಿಗಳು. ಅವುಗಳ ಬಳಗದಲ್ಲಿ ದುಷ್ಟರಿಲ್ಲವೆಂದಲ್ಲ. ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಸಮುದ್ರಗಳ ಹರ್ಮೊಡೈಸ್ ಎಂಬ ಬೆಂಕಿಹುಳು ಹವಳಗಳನ್ನು ತಿನ್ನುತ್ತದೆ. ಅದರ ತಲೆಯ ಮೇಲೆ ಮಡಿಕೆಮಡಿಕೆಯಾದ ಮಾಂಸದ ಜುಟ್ಟಿರುತ್ತದೆ. ಈ ಜುಟ್ಟೇ ಗುರುತು.

ನ್ಯೂಕ್ವೇಯ ಹುಳು ಇನ್ನೊಂದು ಕುಲದ್ದು. ಯೂನಿಸ್ ಎಂಬ ಈ ಕುಲದ ಹುಳುಗಳ ತಲೆಯ ಮೇಲೆ ಐದು ಮೀಸೆಗಳು ಎದ್ದುಕಾಣುತ್ತವೆ. ಮೈಗೆ ಕಾಮನಬಿಲ್ಲಿನ ಹೊಳಪು. ಜಪಾನಿನ ಬಂದರೊಂದರಲ್ಲಿ ತೇಲುತೆಪ್ಪದೊಳಗೆ ದೊರೆತ ಯೂನಿಸ್ ಹುಳುವಿನ ಉದ್ದ 299 ಸೆಂಟಿಮೀಟರ್ ಎಂದರೆ ಅದರ ಬೆಳವಣಿಗೆಯನ್ನು ಊಹಿಸಬಹುದು. ಆದರೂ ಐದು ಮೀಸೆಯ ಎಲ್ಲ ಹುಳುಗಳೂ ಹಾಗೆ ಬೆಳೆಯುವುದಿಲ್ಲ; ಬೆರಳುದ್ದದಲ್ಲಿಯೇ ನಿಂತು ಪಾಚಿ ಮೆಲ್ಲುವ ಸಾಧುಗಳೂ ಅವುಗಳಲ್ಲುಂಟು.

ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕುವ ನೆಂಟರೂ ಇದ್ದಾರೆ. ರಾತ್ರಿಯಲ್ಲಿ ತೊಟ್ಟಿಯಿಂದ ‘ಟಕ್, ಟಕ್’ ಎಂಬ ಸದ್ದು ಕೇಳಿಸಿದರೆ ಅದು ಮ್ಯಾಂಟಿಸ್ ಸೀಗಡಿಯಿರಬಹುದು. ಗದೆಯಂತಹ ಮುಂಗಾಲುಗಳಿಂದ ಅದು ಶಂಬುಕಗಳ ಚಿಪ್ಪನ್ನು ಒಡೆಯುತ್ತದೆ. ಅಮೆರಿಕದ ಷೀಲಾ ಪಾಟೆಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಳತೆಯಂತೆ ಆ ಹೊಡೆತದ ವೇಗ ಸೆಕೆಂಡಿಗೆ 23 ಮೀಟರ್‌ವರೆಗೆ ಮುಟ್ಟುತ್ತದೆ. ಆದರೆ ಅಂತಹುದೇ ಸದ್ದನ್ನು ನಿರುಪದ್ರವಿಯಾದ ಚಿಟಿಕೆ ಸೀಗಡಿಯೂ ತನ್ನ ಕೊಂಡಿಯಿಂದ ಮಾಡಬಲ್ಲದು. ಸದ್ದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಬಿಲದ ಬಾಗಿಲಲ್ಲಿ ಒಡೆದ ಚಿಪ್ಪುಗಳ ರಾಶಿಯಿದೆಯೇ ಎಂದು ನೋಡಬೇಕು. ಏಡಿಗಳ ವಿಷಯದಲ್ಲಿ ಕೊಂಡಿಯ ತುದಿಯನ್ನು ಗಮನಿಸುತ್ತಾರೆ. ಚಮಚದಂತೆ ತಗ್ಗಾಗಿದ್ದರೆ ಅದು ಪಾಚಿಯನ್ನು ಕೆರೆದು ತಿನ್ನುವಂಥದು. ಚೂಪಾಗಿ ಕಪ್ಪಾಗಿದ್ದು ಮೈತುಂಬ ರೋಮವಿದ್ದರೆ ಅದನ್ನು ಬೇರೆ ಪಾತ್ರೆಗೆ ವರ್ಗಾಯಿಸುವುದು ಕ್ಷೇಮ.

ಇವೆಲ್ಲಕ್ಕಿಂತ ಮೋಸದ ರೂಪ ಐಪ್ಟೇಸಿಯದು. ಒಂದೆರಡು ಅಂಗುಲದ, ಕಂದುಬಣ್ಣದ, ಗಾಜಿನಂತೆ ತೆಳುವಾದ ಈ ಕಡಲಹೂವನ್ನು ಕಂಡು ಹೊಸಬನು ಹಿಗ್ಗುತ್ತಾನೆ. ಅದಾದರೋ ಕುಟುಕಿ ಕುಟುಕಿ ಹವಳಗಳನ್ನು ಸಾಯಿಸುತ್ತದೆ. ಸತ್ಯ ತಿಳಿದೊಡನೆ ಸಿಟ್ಟಿನಿಂದ ಕೆರೆದು ಕೀಳಲು ಹೋದರೆ ಅನಾಹುತ ಇಮ್ಮಡಿಯಾಗುವುದು. ಪಾದದ ಒಂದು ಚೂರು ಕಲ್ಲಿಗಂಟಿ ಉಳಿದರೂ ಅದರಿಂದ ಪೂರ್ಣವಾದ ಹೊಸ ಪ್ರಾಣಿ ಬೆಳೆಯುತ್ತದೆ. ರಕ್ತಬೀಜಾಸುರನ ಕಥೆಯೇ ಸರಿ. ಅದಕ್ಕೆ ಮದ್ದು ಬರ್ಗಿಯ ಎಂಬ, ಚಿಪ್ಪಿಲ್ಲದ ಪುಟ್ಟ ಕಡಲಗೊಂಡೆಹುಳು. ಐಪ್ಟೇಸಿಯವೊಂದನ್ನು ಬಿಟ್ಟು ಅದು ಮತ್ತೇನನ್ನೂ ತಿನ್ನದು. ಐಪ್ಟೇಸಿಯ ಮುಗಿದರೆ ಪಾಪ, ಉಪವಾಸದಿಂದ ಸಾಯುತ್ತದೆ. ತೊಟ್ಟಿಯ ಒಡೆಯನು ಶಪಿಸುವ ಇದೇ ಐಪ್ಟೇಸಿಯವನ್ನು ವಿಜ್ಞಾನಿಗಳು ಪ್ರಯೋಗಶಾಲೆಗಳಲ್ಲಿ ಅಕ್ಕರೆಯಿಂದ ಸಾಕುತ್ತಾರೆ. ಹವಳದಂತೆಯೇ ಅದರ ಮೈಯೊಳಗೂ ಏಕಕೋಶದ ಪಾಚಿಗಳು ಬಾಳುವುದರಿಂದ, ಹವಳಗಳು ಬಿಳಿಚಿಕೊಂಡು ಸಾಯುವ ಕಾರಣವನ್ನು ಅರಿಯಲು ಅದು ನೆರವಾಗುತ್ತದೆ. 2015ರಲ್ಲಿ ಅದರ ಸಮಗ್ರ ವಂಶವಾಹಿ ನಕ್ಷೆಯೂ ಪ್ರಕಟವಾಯಿತು.

ಕಲ್ಲಿನಂತೆ ಜೀವಂತ ಹವಳದ ಕೊಂಬೆಯೂ ನೆಂಟರನ್ನು ಹೊತ್ತು ತರುತ್ತದೆ. ಅಕ್ರೊಪೊರ ಎಂಬ ಹವಳವನ್ನು ಸಾಕುವವರು ಬಹುಕಾಲ ಒಂದು ಚಪ್ಪಟೆ ಹುಳುವಿನಿಂದ ಬೇಸತ್ತಿದ್ದರು. ಹವಳದ ಬಣ್ಣವನ್ನೇ ತಳೆದು ಅದರ ಮೇಲೆ ಅಂಟಿಕೊಂಡಿರುವ ಆ ಹುಳುವನ್ನು ಬರಿಗಣ್ಣಿನಿಂದ ಕಾಣುವುದು ಕಷ್ಟ. ಅದು ಮೆದ್ದುಬಿಟ್ಟ ಜಾಗದ ಬಿಳಿಯ ದುಂಡು ಕಲೆಗಳು ಮಾತ್ರ ಕಾಣುತ್ತವೆ. ಅದಕ್ಕೊಂದು ಶಾಸ್ತ್ರೀಯ ನಾಮವೂ ಇರಲಿಲ್ಲ. 2011ರಲ್ಲಿ ಪ್ರಾಣಿಶಾಸ್ತ್ರಜ್ಞರು ಮತ್ಸ್ಯಾಗಾರದ ತೊಟ್ಟಿಯಿಂದ ತೆಗೆದ ಮಾದರಿಗಳನ್ನೇ ಪರೀಕ್ಷಿಸಿ, ಅದು ಅದುವರೆಗೆ ಯಾರೂ ವರ್ಣಿಸದ ಪ್ರಭೇದವೆಂದು ಕಂಡು, ಅಮಾಕುಸಾಪ್ಲಾನ ಅಕ್ರೊಪೊರೇ ಎಂದು ಹೆಸರಿಟ್ಟರು. ಸಮುದ್ರದಲ್ಲಿ ಅದು ಎಲ್ಲಿ ವಾಸಿಸುತ್ತದೆಂಬುದು ಆಗ ತಿಳಿದಿರಲಿಲ್ಲ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ಹವಳದಿಬ್ಬದಲ್ಲಿ ಅದು ತನ್ನ ಸಹಜ ನೆಲೆಯಲ್ಲಿ ಸಿಕ್ಕಿತೆಂಬ ಮೊದಲ ವರದಿ ಹೊರಬಿದ್ದದ್ದು ಮರುವರ್ಷ, 2012ರಲ್ಲಿ.